ಅರಿಶಿನಕ್ಕೊಂದು ನೇರಳೆ ಅಗ್ನಿಪರೀಕ್ಷೆ

“ನನ್ನ ಮಗಳ ಮದವಿಯೊಳಗ ಕಲಬೆರಕಿ ಅನ್ನೂದು ಸಾಸಿವಿಕಾಳಿನಷ್ಟು ಬಂದ್ರೂ ನನ್ನ ಹೆಸರು ಮಂಜುಳಾ ಅಲ್ಲ!”

ಹಿರೇಬೆಂಡಿಗೇರಿಯ ಮಂಜುಳಾ ಈ ಪ್ರತಿಜ್ಞೆಯನ್ನು ಮಾಡಿದ್ದು ಅಡುಗೆಮನೆಯ ನಟ್ಟನಡುವೆ ನಿಂತು, ಬಲಗೈಯಲ್ಲಿ ಸೌಟನ್ನು ಎತ್ತಿ ಹಿಡಿದು. ಸಭೆಯಲ್ಲಿ ಹಾಜರಿದ್ದವನು ಒಬ್ಬನೇ, ಗಂಡ ಫಕ್ಕೀರೇಶ. ಅವನ ಬಾಯಿಯ ತುಂಬ ರೊಟ್ಟಿ ಇದ್ದುದರಿಂದ ವಿರೋಧದ ಧ್ವನಿ ಕೇಳಿಬರಲಿಲ್ಲ. ಪ್ರತಿಜ್ಞೆ ಸರ್ವಾನುಮತದಿಂದ ಅಂಗೀಕಾರವಾಯಿತು.

ಮಂಜುಳಾ ಪರೀಕ್ಷಿಸದೆ ಯಾವುದನ್ನೂ ಹೊಸ್ತಿಲು ದಾಟಿಸಿದವಳಲ್ಲ. ಹಾಲನ್ನು ಉಗುರಿನ ಮೇಲೆ ಹನಿಸಿ ಅದು ಜಾರುವ ಬಗೆಯನ್ನು ನೋಡುತ್ತಿದ್ದಳು. ಬೆಲ್ಲವನ್ನು ನೀರಿನಲ್ಲಿ ಕದಡಿ ತಳದಲ್ಲಿ ಏನು ನಿಂತಿತೆಂದು ಶೋಧಿಸುತ್ತಿದ್ದಳು. ಶಿಗ್ಗಾವಿಯ ಸಂತೆಗೆ ಅವಳು ಕಾಲಿಟ್ಟರೆ ಖಾರದಪುಡಿಯ ವ್ಯಾಪಾರಿಗಳು ಒಬ್ಬರಿಗೊಬ್ಬರು ಕೆಮ್ಮಿ ಸುಳಿವು ಕೊಡುತ್ತಿದ್ದರೆಂದು ಪ್ರತೀತಿ. ಹೊಳಪು ಕಂಡಲ್ಲೆಲ್ಲ ಅವಳಿಗೆ ಮೋಸದ ವಾಸನೆ ಬಡಿಯುತ್ತಿತ್ತು. ಸೇಬು ಹೊಳೆದರೆ ಮೇಣ ಬಳಿದಿದ್ದಾರೆ, ಬದನೆಕಾಯಿ ಹೊಳೆದರೆ ಎಣ್ಣೆ ಸವರಿದ್ದಾರೆ, ಮನುಷ್ಯನ ಮುಖ ಹೊಳೆದರೆ ಏನನ್ನೋ ಮುಚ್ಚಿಟ್ಟಿದ್ದಾನೆ. ಅವಳು ಫಕ್ಕೀರೇಶನನ್ನು ಮದುವೆಯಾಗಲು ಒಪ್ಪಿದ್ದೇ ಅವನಲ್ಲಿ ಎಲ್ಲಿ ಹುಡುಕಿದರೂ ಯಾವ ಹೊಳಪೂ ಕಾಣದ ಕಾರಣಕ್ಕೆ!

ಹೀಗಿರುವಾಗ ಅವಳ ಮೊಬೈಲಿನಲ್ಲಿ ಒಂದು ವಿಡಿಯೋ ಪ್ರತ್ಯಕ್ಷವಾಯಿತು. ಬಿಳಿ ಕೋಟು ತೊಟ್ಟ ಒಬ್ಬಾತ ಪೆನ್ನಿನಂಥ ಕಡ್ಡಿಯ ಗುಂಡಿ ಒತ್ತಿ, ನೇರಳೆ ಬಣ್ಣದ ಬೆಳಕನ್ನು ಎರಡು ಬಟ್ಟಲುಗಳ ಮೇಲೆ ಬಿಡುತ್ತಿದ್ದ. ಒಂದು ಬಟ್ಟಲಿನಲ್ಲಿದ್ದ ಪುಡಿ ಥಟ್ಟನೆ ಮಿಂಚಿತು. ಇನ್ನೊಂದು ಸುಮ್ಮನೆ ಇತ್ತು. “ಅಸಲಿ ಯಾವುದು, ನಕಲಿ ಯಾವುದು, ಒಂದೇ ಕ್ಷಣದಲ್ಲಿ!” ಎಂದು ಅವನು ಹಿಂದಿಯಲ್ಲಿ ಗರ್ಜಿಸಿದ. ಮಿಂಚಿದ್ದು ಅಸಲಿಯೋ ನಕಲಿಯೋ ಎಂದು ಅವನು ತಿಳಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಮಂಜುಳಾ ಓಡಿದಳು. ಮರಳಿ ಬಂದು ಉಳಿದರ್ಧ ವಿಡಿಯೋ ನೋಡುವ ಅಗತ್ಯ ಅವಳಿಗೆ ಕಾಣಲಿಲ್ಲ. ಮಿಂಚಿದ್ದೇ ನಕಲಿ ಎಂದು ತಿಳಿಯಲು ಅವಳಿಗೆ ಬಿಳಿ ಕೋಟಿನವನ ನೆರವು ಬೇಕೆ?

“ಏನ್ರೀ, ಒಂದು ಲೇಸರ್ ತರಸಾಕತ್ತೇನಿ. ಭಾಳ ಅಗ್ಗ ಐತಿ. ಕೆಂಪು, ಹಸರು ಸೈತ ಅದಾವು, ನಾ ನೇರಳೆ ಒತ್ತೇನಿ.”

“ಲೇಸರ್ ಅಂದ್ರ ದವಾಖಾನ್ಯಾಗ ಕಣ್ಣಿಗೆ ಆಪರೇಶನ್ ಮಾಡ್ತಾರಲ್ಲ, ಅದಾ?”

“ಅದು ಕಣ್ಣು ಕಾಣದವ್ರಿಗೆ. ಇದು ಕಣ್ಣಿದ್ದೂ ಮೋಸ ಹೋಗೂ ನಿಮ್ಮಂಥವ್ರಿಗೆ!”

ಕೂರಿಯರ್‌ನವನು ಹಳ್ಳಿಯೊಳಗೆ ಬರಲು ಒಪ್ಪಲಿಲ್ಲ. ಫಕ್ಕೀರೇಶ ಮೋಟಾರ್ ಸೈಕಲ್ಲಿನಲ್ಲಿ ಬಂಕಾಪುರಕ್ಕೆ ಹೋಗಿ ಡಬ್ಬಿಯನ್ನು ತಂದ. ಡಬ್ಬಿಯ ಮೇಲೆ ಕಣ್ಣಿನ ಚಿತ್ರ ಬರೆದು ಅದರ ಮೇಲೊಂದು ಅಡ್ಡಗೆರೆ ಎಳೆದಿದ್ದರು. ಯಾರ ಕಣ್ಣಿಗೂ ಬೆಳಕು ಬಿಡಬಾರದೆಂಬ ಆ ನಿಯಮವನ್ನು ಮಂಜುಳಾ ಕಟ್ಟುನಿಟ್ಟಾಗಿ ಪಾಲಿಸಿದಳು. ಕಣ್ಣೊಂದನ್ನು ಬಿಟ್ಟು ಉಳಿದ ಜಗತ್ತೆಲ್ಲ ಅವಳ ಅಧಿಕಾರ ವ್ಯಾಪ್ತಿಗೆ ಬಂದಿತು.

ನಡುಮನೆಯ ಕಿಟಕಿಗಳು ಮುಚ್ಚಿದವು. ನ್ಯಾಯಾಲಯ ಆರಂಭವಾಯಿತು. ಜೋಳ ಮಿಂಚಲಿಲ್ಲ, ಅಕ್ಕಿ ಮಿಂಚಲಿಲ್ಲ, ತೊಗರಿಬೇಳೆಯೂ ಗೌರವದಿಂದ ನಡೆದುಕೊಂಡಿತು. ಸವಣೂರಿಗೆ ಹೋದಾಗ ಕೊಂಡಿದ್ದ, ಮದುಮಗಳ ಚಿತ್ರವಿದ್ದ ಪಾರದರ್ಶಕ ಪಾಕೀಟಿನೊಳಗಿನ ಅರಿಶಿನದ ಮೇಲೆ ಒಂದು ಮಂಕು ನೇರಳೆ ಚುಕ್ಕೆ ಬಿತ್ತೇ ಹೊರತು ಬೇರೇನೂ ಆಗಲಿಲ್ಲ. “ಶುದ್ಧ!” ಎಂದು ಮಂಜುಳಾ ತೀರ್ಪಿತ್ತು ಆ ಪಾಕೀಟನ್ನು ದೇವರ ಜಗಲಿಯ ಮೇಲೆ ಇರಿಸಿದಳು.

ಆಮೇಲೆ ಬೀಗರಿಗೆಂದು ತಂದ ಬಿಳಿ ಧೋತರದ ಸರದಿ. ಬೆಳಕು ತಾಗಿದ್ದೇ ತಡ, ಧೋತರ ನೀಲಿಯಾಗಿ ಧಗಧಗನೆ ಹೊತ್ತಿಕೊಂಡಂತೆ ಕಂಡಿತು!

“ನೋಡಿದ್ರ್ಯಾ? ಖರೇ ಅರಿವಿ ಅಂತ ಅರಿವಿ ಅಂಗಡ್ಯಾಂವ ಆಣಿ ಮಾಡಿದ್ದ!”

ಲಗ್ನಪತ್ರಿಕೆಗಳು ಮಿಂಚಿದವು. ಹಾಸಿಗೆಯ ಹೊದಿಕೆ ಮಿಂಚಿತು. ಬಿಳಿ ಬಟ್ಟೆಗೆ ಹೊಳಪು ಕೊಡುವ ಸೋಪಿನಪುಡಿಯ ಡಬ್ಬಿ ಹಬ್ಬ ಮಾಡಿತು. ಫಕ್ಕೀರೇಶ ತನ್ನ ಎದೆಯ ಮೇಲೆ ಸುಳಿದ ನೀಲಿ ಬೆಂಕಿಯನ್ನು ಬಗ್ಗಿ ನೋಡಿಕೊಂಡ.

“ಮಂಜುಳಾ, ನನ್ನ ಬನಿಯನ್ನೂ ಮಿಂಚಾಕತ್ತೈತಿ. ಹಂಗಾರ ನಾನೂ ಕಲಬೆರಕಿ ಏನು?”

“ಅದನ್ನ ನೋಡಾಕ ಲೇಸರ್ ಬೇಕಾಗಿತ್ತೇನು?”

ಧೋತರಗಳು ಅಂಗಡಿಗೆ ಮರಳಿದವು. ಬದಲಿಗೆ ಬಂದವೂ ಮಿಂಚಿದವು, ಅವೂ ಮರಳಿದವು. ಮೂರನೆಯ ಸಲ ಮಂಜುಳಾ ಅಂಗಡಿಯ ಮೆಟ್ಟಿಲು ಹತ್ತುವಾಗ ಮಾಲೀಕ ಊಟಕ್ಕೆಂದು ಹಿಂದಿನ ಬಾಗಿಲಿನಿಂದ ಹೊರಟುಹೋದ. ಆಗಿನ್ನೂ ಬೆಳಗಿನ ಚಹಾದ ಹೊತ್ತು!

ಇಷ್ಟಕ್ಕೇ ನಿಂತಿದ್ದರೆ ಧೋತರದ ವ್ಯಾಪಾರಿಯೊಬ್ಬನ ಶಾಪದೊಂದಿಗೆ ಪ್ರಕರಣ ಮುಗಿಯುತ್ತಿತ್ತು. ಆದರೆ ಮದುವೆಯ ಅರಿಶಿನ ಬರುವುದಿತ್ತು.

ಫಕ್ಕೀರೇಶನ ಮನೆತನದಲ್ಲಿ ಮದುಮಗಳ ಅರಿಶಿನವನ್ನು ಅಂಗಡಿಯಿಂದ ತರುವ ಪದ್ಧತಿಯಿಲ್ಲ. ಸೋದರತ್ತೆ ತರಬೇಕು, ಅದನ್ನು ಮುತ್ತೈದೆಯರು ಮನೆಯ ಒರಳಿನಲ್ಲಿ ಕುಟ್ಟಬೇಕು, ಮೊದಲ ಹಿಡಿಯನ್ನು ಸೋದರತ್ತೆಯೇ ಮದುಮಗಳ ಕೆನ್ನೆಗೆ ಹಚ್ಚಬೇಕು. ಆ ಕೈ ಮುಂದಾಗದೆ ಉಳಿದ ಯಾವ ಶಾಸ್ತ್ರವೂ ಮುಂದೆ ಸಾಗುವಂತಿಲ್ಲ. ಮದುಮಗಳು ಭಾಗ್ಯಶ್ರೀಯ ಸೋದರತ್ತೆ ಎಂದರೆ ಫಕ್ಕೀರೇಶನ ಅಕ್ಕ, ಹಂಸಭಾವಿಯ ಹುಚ್ಚವ್ವ. ಸೋದರಸೊಸೆಯ ಮದುವೆ ಗೊತ್ತಾಗುವ ಮೊದಲೇ ಆಕೆ ತನ್ನ ಹಿತ್ತಲಿನಲ್ಲಿ ಒಂದು ಸಾಲು ಅರಿಶಿನ ಹಾಕಿದ್ದಳು. ತಾನೇ ನೀರುಣಿಸಿ, ತಾನೇ ಅಗೆದು, ಕುದಿಸಿ, ಒಣಗಿಸಿ, ಗೋಣಿತಟ್ಟಿನಲ್ಲಿ ತಿಕ್ಕಿ ಸಿಪ್ಪೆ ತೆಗೆದಿದ್ದಳು. ಅರಿಶಿನದ ಶಾಸ್ತ್ರದ ಹಿಂದಿನ ದಿನ ಆ ಗಂಟನ್ನು ಮಡಿಲಿನಲ್ಲಿ ಇಟ್ಟುಕೊಂಡು ಬಸ್ಸಿನಿಂದಿಳಿದಳು. ಕಂಡಕ್ಟರ್ ಮೇಲಿಡಲು ಕೇಳಿದರೂ ಕೊಟ್ಟಿರಲಿಲ್ಲ.

“ಬಾ ನನ್ನ ಬಂಗಾರದ ಗಿಣಿ,” ಎಂದು ಭಾಗ್ಯಶ್ರೀಯ ಕೆನ್ನೆ ಹಿಂಡಿದಳು. “ನಿನ್ನ ಮಾರಿಗೆ ಹಚ್ಚೂ ಅರಿಷಿಣ ಇದು. ಮೊದಲ ಗಡ್ಡಿ ನೆಡೂ ಮುಂದ ನಿನ್ನ ಹೆಸರ ತಗೊಂಡಿದ್ದೆ.”

ಮರುದಿನ ಬೆಳಿಗ್ಗೆ ನಡುಮನೆಯ ತುಂಬ ಹೆಂಗಸರು. ಒರಳಿನ ಸುತ್ತ ಮುತ್ತೈದೆಯರು ನಿಂತು ಕುಟ್ಟಿದರು. ಮದುಮಗಳಿಗೆ ಬಳೆ ತೊಡಿಸಲು ಬಂದಿದ್ದ ನೆರೆಮನೆಯ ಗುಲ್ನಾರ ಗೋಡೆಗೊರಗಿ ಬಳೆಯ ಪೆಟ್ಟಿಗೆ ತೆರೆದು ಕುಳಿತಿದ್ದಳು. ಪುಡಿಯಾದ ಅರಿಶಿನದ ಪರಿಮಳ ಓಣಿಯವರೆಗೂ ಹರಡಿತು. ಹುಚ್ಚವ್ವ ಹಿಡಿ ತುಂಬಿಕೊಂಡು ಎದ್ದಳು.

“ಒಂದ್ ನಿಮಿಷ ತಡೀರಿ ಅಕ್ಕಾರ,” ಎಂದು ಮಂಜುಳಾ ಅಡ್ಡ ಬಂದಳು. “ಯಾರ ಸಾಮಾನಾಗ್ಲಿ, ಈ ಮನ್ಯಾಗ ಪರೀಕ್ಷಾ ಒಂದ. ಇವತ್ತು ನಿಮಗ ಬಿಟ್ರ ನಾಳೆ ಅಂಗಡ್ಯಾವ್ರಿಗೆ ಏನ್ ಹೇಳಲಿ?”

ಫಕ್ಕೀರೇಶ ಬಾಗಿಲಿನಿಂದಲೇ ಕೈ ಬೀಸಿದ, ತಲೆ ಬೀಸಿದ, ಕೊನೆಗೆ ಟವೆಲನ್ನೂ ಬೀಸಿದ. ಮಂಜುಳಾ ಕಿಟಕಿ ಮುಚ್ಚಿಸಿ ಗುಂಡಿ ಒತ್ತಿದಳು.

ಅರಿಶಿನ ಹಸಿರಾಗಿ ಮಿಂಚಿತು! ಅಂತಿಂಥ ಮಿಂಚಲ್ಲ, ಗಿಣಿಯ ರೆಕ್ಕೆಗೆ ದೀಪ ಹಚ್ಚಿದಂತೆ, ಹುಚ್ಚವ್ವನ ಅಂಗೈಯಲ್ಲಿ ಹಸಿರು ಬೆಂಕಿ ಕುಣಿಯಿತು. ಹೆಂಗಸರೆಲ್ಲ ಒಟ್ಟಿಗೆ “ಯವ್ವಾ!” ಎಂದು ಹಿಂದೆ ಸರಿದರು.

“ಇದ್ರಾಗ ಏನೋ ಕೂಡೈತಿ,” ಎಂದಳು ಮಂಜುಳಾ. ನ್ಯಾಯಾಧೀಶರು ಶಿಕ್ಷೆ ವಿಧಿಸುವಾಗ ತರುವ ವಿಷಾದವನ್ನು ಧ್ವನಿಗೆ ತಂದುಕೊಂಡಿದ್ದಳು. “ಯಾವ ಔಷಧ ಹೊಡದಿದ್ರಿ?”

“ಔಷಧ?” ಹುಚ್ಚವ್ವ ತನ್ನ ಅಂಗೈಯನ್ನೇ ನೋಡಿದಳು. “ಸಗಣಿಗೊಬ್ಬರ ಹಾಕೇನಿ. ನೀರು ಹಾಕೇನಿ. ಮತ್ತೇನ ಹಾಕ್ಲಿ?”

“ನಿಮಗ ಗೊತ್ತಿಲ್ದಂಗ ಯಾರರ ಹಾಕಿರಬೇಕು. ಬೆಳಕು ಸುಳ್ಳ ಹೇಳಂಗಿಲ್ಲ ಅಕ್ಕಾರ.”

“ಅಂದ್ರ ಸುಳ್ಳು ಹೇಳಾಕಿ ನಾನು. ಹೌದಿಲ್ಲೋ?”

“ಮಂಜಕ್ಕಾ,” ಎಂದು ಗುಲ್ನಾರ ಮೆಲ್ಲಗೆ ನಡುವೆ ಬಾಯಿ ಹಾಕಿದಳು, “ಆ ಬೆಳಕು ನನ್ನ ಬಳಿ ಪೆಟ್ಟಿಗಿ ಕಡೆ ಮಾತ್ರ ತಿರುಗಸಬ್ಯಾಡವಾ. ಹೊಳೀಲಿಲ್ಲ ಅಂದ್ರ ನನ್ನ ಬಳಿ ಯಾರೂ ತಗೊಳ್ಳಂಗಿಲ್ಲ!”

ಯಾರೂ ನಗಲಿಲ್ಲ. ಹುಚ್ಚವ್ವ ಕೂಗಾಡಲಿಲ್ಲ, ಅಳಲೂ ಇಲ್ಲ. ಒರಳಿನಲ್ಲಿದ್ದ ಅರಿಶಿನವನ್ನು ಕೈಯಿಂದ ಬಳಿದು ಬಟ್ಟೆಗೆ ಹಾಕಿದಳು. ಗಂಟು ಕಟ್ಟಿದಳು.

“ಫಕ್ಕೀರಾ, ಗಾಡಿ ತಗಿ. ನನ್ನ ಬಂಕಾಪುರದ ಸ್ಟ್ಯಾಂಡಿಗೆ ಬಿಡು.”

“ಅತ್ತೀ!” ಎಂದು ಭಾಗ್ಯಶ್ರೀ ಸೆರಗು ಹಿಡಿದಳು.

“ಬಿಡು ಗಿಣಿ. ನನ್ನ ಕೈಯಾಗಿಂದು ಹಚ್ಚಿ ನಿನ್ನ ಮಾರಿಗೆ ಏನರ ಆದ್ರ, ನಿಮ್ಮವ್ವ ಯಾವ ಬೆಳಕ ಬಿಟ್ಟ ನೋಡ್ತಾಳೋ ಏನೋ.”

ಮೋಟಾರ್ ಸೈಕಲ್ಲಿನ ಸದ್ದು ಓಣಿಯ ತಿರುವಿನಲ್ಲಿ ಕರಗಿತು. ಮುತ್ತೈದೆಯರು ಒನಕೆಗಳನ್ನು ಗೋಡೆಗೊರಗಿಸಿ ಒಬ್ಬರ ಮುಖವನ್ನೊಬ್ಬರು ನೋಡಿದರು. ಸೋದರತ್ತೆ ಮುನಿದು ಹೋದ ಮನೆಯಲ್ಲಿ ಅರಿಶಿನ ಹಚ್ಚುವವರು ಯಾರು? ಹಚ್ಚದಿದ್ದರೆ ನಾಳೆ ಬೀಗರಿಗೆ ಹೇಳುವುದೇನು?

ಮಂಜುಳಾಳ ಬೆನ್ನುಮೂಳೆ ಬಗ್ಗಲು ಸಿದ್ಧವಿರಲಿಲ್ಲ. ಅವಳು ದೇವರ ಜಗಲಿಗೆ ನಡೆದು, ಅಗ್ನಿಪರೀಕ್ಷೆಯಲ್ಲಿ ಗೆದ್ದುಬಂದ ಆ ಪಾಕೀಟನ್ನು ಇಳಿಸಿ, ಕತ್ತರಿಯಿಂದ ಮೂಲೆ ಕತ್ತರಿಸಿದಳು.

“ಯವ್ವಾ, ಅತ್ತಿ ಇಲ್ದ ಬ್ಯಾಡ.”

“ಶಾಸ್ತ್ರಕ್ಕಲ್ಲ. ಗುಣಾ ನೋಡಾಕ. ಮಾರಿ ಈಕಡೆ ತಿರುಗಸು!”

ಮಗಳ ಎರಡೂ ಕೆನ್ನೆಗೆ, ಹಣೆಗೆ, ಗದ್ದಕ್ಕೆ ಮಂಜುಳಾ ಧಾರಾಳವಾಗಿ ಬಳಿದಳು. ಬಣ್ಣವೇನೋ ಭರ್ಜರಿಯಾಗಿ ಬಂದಿತು. ಸ್ವಲ್ಪ ಹೊತ್ತು ಬಿಟ್ಟು ತೊಳೆಯಲು ಕಳುಹಿಸಿದಳು. ಬಚ್ಚಲಿನಿಂದ ನೀರಿನ ಸದ್ದು ಬಂದಿತು. ಇನ್ನಷ್ಟು ನೀರಿನ ಸದ್ದು ಬಂದಿತು. ಆಮೇಲೆ ಒಂದು ಚೀತ್ಕಾರ ಬಂದಿತು.

ಹೊರಗೆ ಬಂದ ಭಾಗ್ಯಶ್ರೀಯ ಮುಖ ಈಗಷ್ಟೇ ಬಣ್ಣ ಬಳಿಸಿಕೊಂಡ ಶಾಲಾ ಬಸ್ಸಿನಂತಿತ್ತು! ಕಡಲೆಹಿಟ್ಟು ಹಚ್ಚಿದರು, ಕಡಲೆಹಿಟ್ಟು ಹಳದಿಯಾಯಿತು, ಮುಖ ಹಾಗೆಯೇ ಉಳಿಯಿತು. ಮೊಸರು ಹಚ್ಚಿದರು, ಮೊಸರು ಸೋತಿತು. ಬಿಳಿಯ ಟವೆಲಿನಿಂದ ತಿಕ್ಕಿದರು, ಟವೆಲು ಮದುಮಗಳಾಯಿತು.

“ಹೋಗಂಗಿಲ್ಲಿದು,” ಎಂದಳು ಗುಲ್ನಾರ, ಬೆರಳಿನಿಂದ ಕೆನ್ನೆ ಮುಟ್ಟಿ ನೋಡಿ. “ಅರಿಷಿಣ ಅಲ್ಲಿದು ಮಂಜಕ್ಕಾ, ಆಯಿಲ್ ಪೇಂಟ್!”

“ಪರೀಕ್ಷಾದಾಗ ಪಾಸಾಗೈತಿ ಅದು!”

“ಪಾಸಾತು, ಆದ್ರ ಸರ್ಟಿಫಿಕೇಟ್ ಮಾರಿ ಮ್ಯಾಲೆ ಕೊಟ್ರ ಹೆಂಗವಾ?”

ಮಂಜುಳಾ ಲೇಸರನ್ನು ಹಿಡಿದು ಹಿತ್ತಲಿಗೆ ನಡೆದಳು. ಬಚ್ಚಲಿನ ನೀರು ಹರಿಯುವಲ್ಲಿ ಅರಿಶಿನದ ಒಂದು ಗುಂಪು ತಾನಾಗಿ ಬೆಳೆದಿತ್ತು. ಅದಕ್ಕೆ ಯಾರೂ ಔಷಧ ಹೊಡೆದಿರಲಿಲ್ಲ. ಯಾರೂ ಅದನ್ನು ತಿರುಗಿ ಸಹ ನೋಡಿರಲಿಲ್ಲ. ಕುಡುಗೋಲಿನಿಂದ ಬುಡ ಕೆದರಿ ಒಂದು ಹಸಿ ಕೊಂಬನ್ನು ಕಿತ್ತಳು. ತೊಳೆದು ಅಡ್ಡಕ್ಕೆ ಕತ್ತರಿಸಿದಳು. ಸೆರಗನ್ನು ಮುಂದಕ್ಕೆಳೆದು ನೆರಳು ಮಾಡಿ, ಆ ಪುಟ್ಟ ಕತ್ತಲೆಯೊಳಗೆ ಗುಂಡಿ ಒತ್ತಿದಳು.

ಹಸಿ ಕೊಂಬು ಹಸಿರಾಗಿ ಮಿಂಚಿತು.

ಮಂಜುಳಾ ಸೆರಗಿನ ಒಳಗೇ ಬಹಳ ಹೊತ್ತು ಉಳಿದಳು. ಮಣ್ಣಿನಿಂದ ಈಗತಾನೇ ಎದ್ದುಬಂದ ಈ ಕೊಂಬಿಗೆ ಮೋಸ ಕಲಿಸಿದವರು ಯಾರು? ಹಾಗಾದರೆ ಮಿಂಚಿದ್ದು ಅಸಲಿ. ಮಂಕಾಗಿ ಕುಳಿತು ಸಭ್ಯತೆ ನಟಿಸಿದ್ದು ನಕಲಿ. ಧೋತರದವನ ಮುಖ ಅವಳ ಕಣ್ಣ ಮುಂದೆ ಸುಳಿದು ಹೋಯಿತು. ಆದರೆ ಅದರ ಹಿಂದೆ ಬಂದು ಸರಿಯದೆ ನಿಂತದ್ದು ಒರಳಿನಿಂದ ಅರಿಶಿನ ಬಳಿದುಕೊಳ್ಳುತ್ತಿದ್ದ ಎರಡು ಕೈಗಳು.

ಅವಳು ಮುಂಬಾಗಿಲಿಗೆ ಬಂದಾಗ ಫಕ್ಕೀರೇಶ ಮರಳಿ ಬಂದಿದ್ದ. ಕಟ್ಟೆಯ ಮೇಲೆ, ಚಪ್ಪಲಿ ಕಳಚದೆ ಕುಳಿತಿದ್ದ.

“ಗಾಡಿ ಕೀಲಿ ಎಲ್ಲೈತ್ರೀ?”

“ಕೈಯಾಗ ಹಿಡಕೊಂಡ ಕುಂತೇನಿ. ನೀ ಬರೂದು ಇಷ್ಟ ತಡಾ ಯಾಕಾತು?”

“ಹಿತ್ತಲ್ದಾಗ ಸ್ವಲ್ಪ ಕೆಲಸಿತ್ತು.”

ಬಂಕಾಪುರದ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಹುಚ್ಚವ್ವ ಗಂಟನ್ನು ಮಡಿಲಿನಲ್ಲಿಟ್ಟುಕೊಂಡು ಕುಳಿತಿದ್ದಳು. ಎದುರಿಗೇ ಹಾವೇರಿಯ ಬಸ್ಸೊಂದು ಹೊಗೆಯುಗುಳಿ ಹೊರಟಿತು. ಆಕೆ ಅದರತ್ತ ಕಣ್ಣೆತ್ತಲಿಲ್ಲ.

“ಅಕ್ಕಾರ, ನಿಮ್ಮ ಬಸ್ ಹೋತಲ್ರೀ!” ಎಂದಳು ಮಂಜುಳಾ, ಏದುಸಿರು ಬಿಡುತ್ತ.

“ಅದಕ್ಕೂ ಮೊದಲಿಂದೂ ಹೋತು.”

“ಹತ್ತಲಿಲ್ಲ?”

“ಹತ್ತಿ ಹೋಗಿದ್ರ ನೀ ಹಂಸಭಾವಿ ತನಕ ಬರಬೇಕಾಗ್ತಿತ್ತು. ಮದವಿ ಮನಿ ಬಿಟ್ಟ ಅಷ್ಟ ದೂರ ಹೆಂಗ ಬರ್ತಿದ್ದಿ?”

ಮಂಜುಳಾ ಬೆಂಚಿನ ತುದಿಯಲ್ಲಿ ಕುಳಿತಳು. ಹೇಳಬೇಕಾದ ಮಾತು ಗಂಟಲಿನವರೆಗೆ ಬಂದು, ಅಲ್ಲಿಯ ದಾರಿ ಅಪರಿಚಿತವೆಂದು ಹಿಂದಿರುಗಿ ಹೋಯಿತು. ಅದರ ಬದಲು ಬೇರೆ ಮಾತುಗಳು ಹೊರಬಿದ್ದವು.

“ಭಾಗ್ಯಾನ ಮಾರಿ ಹಳದಿ ಆಗೈತಿ.”

“ಮದಮಗಳ ಮಾರಿ ಹಳದಿ ಆಗದ ಮತ್ತೇನ ಆಗಬೇಕು?”

“ಹಂಗಲ್ರೀ. ತೊಳದ್ರ ಹೋಗವಲ್ದು. ಅಂಗಡಿ ಅರಿಷಿಣ ಹಚ್ಚಿದ್ದೆ.”

ಹುಚ್ಚವ್ವ ಥಟ್ಟನೆ ತಿರುಗಿದಳು. “ಉರಿ ಐತೇನು ಹುಡಿಗೀಗೆ? ತುರಿಸ್ತೈತೇನು?”

“ಇಲ್ಲ. ಬರೇ ಬಣ್ಣ.”

“ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕಿದ್ರ ಸಾವಕಾಶ ಬಿಡತೈತಿ. ಉಳದದ್ದರ ಮ್ಯಾಲೆ ನಂದ ಹಚ್ಚಿದ್ರ ಯಾರಿಗೆ ಗೊತ್ತಾಗ್ತೈತಿ?” ಹುಚ್ಚವ್ವ ಗಂಡನ ಅಕ್ಕನ ಗಾಂಭೀರ್ಯವನ್ನು ಮರಳಿ ಧರಿಸಿ ಮಂಜುಳಾಳನ್ನು ಮೇಲಿನಿಂದ ಕೆಳಗೆ ನೋಡಿದಳು. “ಹುಡಿಗಿ ಹಳದಿ ಆದದ್ದು ತಿಳೀತು. ನೀ ಯಾಕ ಕೆಂಪಾಗೀದಿ?”

“ಬಿಸಲು, ಅಕ್ಕಾರ.”

“ಹೌದೌದು. ಬಿಸಲು ಭಾಳ. ಹಂಗಾರ ಬಿಸಲು ಇಳಿಯೂ ತನಕ ಇಲ್ಲೇ ಕುಂದ್ರೂಣು.”

ಬಿಸಿಲು ಇಳಿಯುವವರೆಗೆ ಕುಳಿತರೆ ಶಾಸ್ತ್ರದ ಹೊತ್ತು ಮೀರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮಂಜುಳಾ ಸೋತಳು.

“ಅಕ್ಕಾರ, ಹಿತ್ತಲ್ದಾಗಿನ ಹಸಿ ಕೊಂಬಿಗೆ ಬೆಳಕ ಬಿಟ್ಟ ನೋಡಿದೆ. ಅದೂ ಹಸರಾಗಿ ಮಿಂಚ್ತು. ನಿಮ್ಮ ಅರಿಷಿಣನ ಖರೇದು. ನಾನ...”

“ಇಲ್ಲಿ ಹೇಳಬ್ಯಾಡ,” ಎಂದು ಹುಚ್ಚವ್ವ ಎದ್ದಳು. “ನನ್ನ ಅರಿಷಿಣಕ್ಕ ಹೆಸರಿಟ್ಟದ್ದು ಐದು ಮಂದಿ ಮುತ್ತೈದೇರ ಮುಂದ. ಆ ಮಾತೂ ಅಲ್ಲೇ ಆಗಲಿ.”

ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಮುಂದೆ ಫಕ್ಕೀರೇಶ, ನಡುವೆ ಅರಿಶಿನದ ಗಂಟಿನೊಡನೆ ಹುಚ್ಚವ್ವ, ಹಿಂದಿನ ಕಬ್ಬಿಣದ ಕಂಬಿಗೆ ಅರ್ಧ ಆತುಕೊಂಡು ಮಂಜುಳಾ. ಆ ಮನೆತನದ ಗೌರವ ಹೀಗೆ ಇಕ್ಕಟ್ಟಾಗಿ ಹಿರೇಬೆಂಡಿಗೇರಿಗೆ ಮರಳಿತು.

ನಡುಮನೆಯಲ್ಲಿ ಮುತ್ತೈದೆಯರು ಹೋಗಿರಲಿಲ್ಲ. ಇಂಥ ನಾಟಕವನ್ನು ಅರ್ಧಕ್ಕೆ ಬಿಟ್ಟು ಹೋಗುವವರು ಯಾರು? ಹುಚ್ಚವ್ವ ಮಣೆಯ ಮೇಲೆ ಕುಳಿತಳು. ಭಾಗ್ಯಶ್ರೀ ಎಣ್ಣೆ ತಿಕ್ಕಿದ ಮುಖದಲ್ಲಿ ಅತ್ತೆಯ ಪಕ್ಕಕ್ಕೆ ಅಂಟಿ ಕುಳಿತಳು. ಗುಲ್ನಾರ ಬಳೆಯ ಪೆಟ್ಟಿಗೆ ಸದ್ದಾಗದಂತೆ ಮುಚ್ಚಿದಳು. ಎಲ್ಲರ ಕಣ್ಣೂ ಮಂಜುಳಾಳ ಮೇಲೆ ನಿಂತಿತು.

ಅವಳು ನೆಲ ನೋಡಿದಳು, ತೊಲೆ ನೋಡಿದಳು, ಕೊನೆಗೆ ಹುಚ್ಚವ್ವನನ್ನು ನೋಡಿದಳು.

“ನಂದ ತಪ್ಪಾತ್ರಿ ಅಕ್ಕಾರ.”

ಹುಚ್ಚವ್ವ ಕಿವಿಗೆ ಕೈ ಹಚ್ಚಿದಳು. “ಏನಂದಿ? ಕಿವಿ ಮಂದ ಆಗ್ಯಾವು ನೋಡು. ಇನ್ನೊಮ್ಮೆ ಹೇಳು.”

ಮಂಜುಳಾ ಕಣ್ಣು ಮುಚ್ಚಿ, ಓಣಿಯ ಆಚೆ ಬದಿಯ ದನ ತಲೆಯೆತ್ತುವಷ್ಟು ಗಟ್ಟಿಯಾಗಿ ಕೂಗಿದಳು:

“ನಂದ ತಪ್ಪಾತ್ರೀ ಅಕ್ಕಾರ!”

ಹುಚ್ಚವ್ವ ತೃಪ್ತಿಯಿಂದ ತಲೆಯಾಡಿಸಿ, ಹಿಡಿ ಅರಿಶಿನವನ್ನು ಮದುಮಗಳ ಕೆನ್ನೆಗೆ ಹಚ್ಚುತ್ತ ಮುತ್ತೈದೆಯರ ಕಡೆಗೆ ತಿರುಗಿದಳು.

“ನನ್ನ ಕಿವಿ ಛಲೋ ಅದಾವವಾ. ಈಕಿ ಈ ಮನಿಗೆ ಬಂದಾಗಿಂದ ಈ ಮಾತಿಗೆ ಕಾದೇನಿ, ಒಂದ ಸಲ ಕೇಳಿದ್ರ ಹೊಟ್ಟಿ ತುಂಬ್ತೈತೇನು?”